‘ಮತ್ತ ಬರತೈತೇನೋ?’

ನಾನು ಗಳಗನಾಥದವ, ವರದಾ ನದಿ ತುಂಗಭದ್ರೆಗೆ ಸೇರೋ ಊರು. ಲಿವರ್ ಕ್ಯಾನ್ಸರ್ ಆಪರೇಷನ್ ಆದ ಮೇಲೆ ನಮ್ಮ ಕಾಕಾ ಕೇಳಿದ್ದು ಒಂದೇ: ‘ಗಡ್ಡಿ ಮತ್ತ ಬರತೈತೇನೋ?’

2008ರಲ್ಲಿ ಯುಜಿನ್ ಹೊಶಿಡಾ ಮತ್ತು ತಂಡದವರು ಇದಕ್ಕೊಂದು ಸುಳಿವು ಕಂಡುಕೊಂಡರು. ಅದು ಸಿಕ್ಕಿದ್ದು ಗಡ್ಡೆಯಲ್ಲಲ್ಲ, ಅದರ ಸುತ್ತಲಿನ ಲಿವರ್‌ನಲ್ಲಿ. ಅಲ್ಲಿ 186 ಜೀನ್‌ಗಳ ಪೈಕಿ ಯಾವುದು ಜೋರಾಗಿ ಕೆಲಸ ಮಾಡ್ತಿದೆ, ಯಾವುದು ಸುಮ್ಮನಿದೆ ಅಂತ ನೋಡಿದರೆ ರೋಗಿಯ ಮುಂದಿನ ದಿನಗಳ ಅಂದಾಜು ಸಿಗುತ್ತೆ.

ಮೆಣಸಿನ ಗಿಡ ಸೊರಗಿದರೆ ನಾವು ಮಣ್ಣನ್ನೂ ನೋಡ್ತೀವಲ್ಲ, ಹಾಗೆ. ಹೆಪಟೈಟಿಸ್, ಸಿರೋಸಿಸ್‌ನಿಂದ ಹಾಳಾದ ಲಿವರ್‌ನಲ್ಲಿ ಹೊಸ ಗಡ್ಡೆಯೇ ಹುಟ್ಟಬಹುದು.

ಆದರೆ ಇದು ಜಾತಕ ಅಲ್ಲ. ದಿನನಿತ್ಯದ ಟೆಸ್ಟೂ ಆಗಿಲ್ಲ. ಅದಕ್ಕೇ ಕಾಕಾಗೆ ಅಂದೆ: ‘ಹೇಳಾಕ ಆಗೂದಿಲ್ಲ ಕಾಕಾ. ಸ್ಕ್ಯಾನಿಂಗ್ ಮಾತ್ರ ತಪ್ಪಿಸಬ್ಯಾಡ್ರಿ, ನಾನೂ ಬರ್ತೀನಿ.’