ಪಾದಕ್ಕೆ ತಿಳಿಯುವ ಗಡಿ



ದೇವದುರ್ಗದ ನಮ್ಮ ಮಠದ ಹಿಂದಿನ ಬಯಲಿನಲ್ಲಿ ಕ್ರಿಕೆಟ್ ಆಡುತ್ತಿದ್ದ ಬಾಲಕನೊಬ್ಬ ತಲೆ ಒಡೆದುಕೊಂಡ ಸಂಗತಿ ನಿಮಗೆ ತಿಳಿದದ್ದೇ. ಚೆಂಡು ಮೇಲೇರಿತು. ಅದನ್ನೇ ನೋಡುತ್ತ ಓಡಿದವನು ಕಲ್ಲಿನ ಗೋಡೆಗೆ ಬಡಿದನು. ಏಳು ಹೊಲಿಗೆ ಬಿದ್ದವು. ಹಿರಿಯರು ಕೆಲವರು ಬಂದು, "ಅಪ್ಪಾರೇ, ಹುಡುಗರಿಗೆ ಕಣ್ಣೇ ಇಲ್ಲರೀ, ಆಟ ಬಂದ್ ಮಾಡಿಸಿರಿ" ಎಂದರು.

ಕಣ್ಣಿಲ್ಲದೆ ಏನು? ಇತ್ತು. ಅದು ಚೆಂಡಿನ ಮೇಲಿತ್ತು. ಮನಸ್ಸು ಅಣುವಾದುದರಿಂದ ಎರಡು ಜ್ಞಾನಗಳು ಏಕಕಾಲಕ್ಕೆ ಹುಟ್ಟವೆಂದು ನಾವು ಬಾಲ್ಯದಲ್ಲಿ ನ್ಯಾಯಶಾಸ್ತ್ರ ಓದುವಾಗ ಕಲಿತಿದ್ದೆವು. ಕಲಿತದ್ದು ಗೋಡೆ ಕಟ್ಟಿಸುವಾಗ ನೆನಪಿಗೆ ಬರಲಿಲ್ಲ! ಆ ಗೋಡೆ ನಾವೇ ಕಟ್ಟಿಸಿದ್ದು. ಮೊದಲು ಅಲ್ಲಿ ಜಾಲಿಯ ಬೇಲಿಯಿತ್ತು, ಹುಡುಗರು ಅದಕ್ಕೂ ಮುಂಚಿನಿಂದ ಆಡುತ್ತಿದ್ದರು.

ಅಮೆರಿಕದಲ್ಲಿರುವ ಭಕ್ತರೊಬ್ಬರು ಊರಿಗೆ ಬಂದಾಗ ಇದನ್ನು ಕೇಳಿ, ಆ ದೇಶದ ಬೇಸ್‌ಬಾಲ್ ಆಟದ ಸುದ್ದಿ ಹೇಳಿದರು. ಅಲ್ಲಿ ಪೀಟ್ ರೈಸರ್ ಎಂಬ ಆಟಗಾರನಿದ್ದನಂತೆ. 1942ರಲ್ಲಿ ಚೆಂಡಿನ ಬೆನ್ನುಹತ್ತಿ ಗೋಡೆಗೆ ಬಡಿದನು. 1947ರಲ್ಲಿ ಮತ್ತೊಮ್ಮೆ ಬಡಿದಾಗ, ಬದುಕುವುದಿಲ್ಲವೆಂದು ಪಾದ್ರಿಯನ್ನು ಕರೆಸಿ ಅಂತ್ಯದ ಪ್ರಾರ್ಥನೆಯನ್ನೂ ಮಾಡಿಸಿದರು. ಬದುಕಿದನು. ಮುಂದಿನ ವರ್ಷ ಅವರು ಗೋಡೆಗೆ ಮೆತ್ತೆ ಹಾಕಿದರು. ಅನಂತರ ದೊಡ್ಡ ಮೈದಾನಗಳಲ್ಲೆಲ್ಲ ಗೋಡೆಯ ಬುಡದಲ್ಲಿ ಹುಲ್ಲು ತೆಗೆದು ಮಣ್ಣಿನ ಪಟ್ಟಿ ಬಿಡುವುದು ನಿಯಮವಾಯಿತು. ಅದರ ಅಗಲ ಸುಮಾರು ಹದಿನೈದು ಅಡಿ. ಕಣ್ಣು ಆಕಾಶದಲ್ಲಿದ್ದರೂ ಕಾಲಡಿ ಹುಲ್ಲು ಹೋಗಿ ಮಣ್ಣು ಬಂದೊಡನೆ ಗೋಡೆ ಹತ್ತಿರವಾಯಿತೆಂದು ಪಾದಕ್ಕೆ ತಿಳಿಯುತ್ತದೆ. ಕ್ರಿಕೆಟ್ಟಿನ ದೊಡ್ಡ ಪಂದ್ಯಗಳಲ್ಲಿಯೂ ಗಡಿಯ ಹಗ್ಗಕ್ಕೂ ಹಿಂದಿನ ಗಟ್ಟಿ ಆವರಣಕ್ಕೂ ಮೂರು ಗಜ ಅಂತರವಿರಬೇಕೆಂದು ನಿಯಮವುಂಟು.

ನಮ್ಮ ಬಯಲು ಎರೆಮಣ್ಣಿನದು. ಗೋಡೆಯುದ್ದಕ್ಕೂ ಹದಿನೈದು ಅಡಿ ಗರಸು ಹಾಕಿಸಿದೆವು. ಹದಿನೈದು ಅಡಿಯೆಂದರೆ ಓಡುವವನಿಗೆ ಮೂರೇ ಹೆಜ್ಜೆ. ಅದಕ್ಕಿಂತ ಕಿರಿದಾದರೆ ತಿಳಿಯುವಷ್ಟರಲ್ಲಿ ಗೋಡೆಯೇ ಬಂದಿರುತ್ತದೆ. ಸಿಮೆಂಟು ಬಳಿಯೋಣವೆಂದ ಮೇಸ್ತ್ರಿಗೆ ಬೇಡವೆಂದೆವು. ನುಣುಪಾದುದು ಕಾಲಿಗೆ ಏನು ಹೇಳೀತು? ಹುಡುಗರಲ್ಲಿ ಬರಿಗಾಲಿನವರೇ ಹೆಚ್ಚು, ಅವರಿಗೆ ಗರಸು ಚುಚ್ಚುತ್ತದೆ. ಚುಚ್ಚಲಿ ಎಂದೇ ಹಾಕಿಸಿದ್ದು.

ಆ ಬಾಲಕನ ತಾಯಿ ಎರಡು ತಿಂಗಳು ಮಗನನ್ನು ಬಯಲಿಗೆ ಬಿಡಲಿಲ್ಲ. ನಾವು ಹೇಳಿಕಳಿಸಲಿಲ್ಲ, ಆಕೆಯ ಭಯ ನ್ಯಾಯವಾದದ್ದು. ಒಂದು ದಿನ ಆಕೆಯೇ ಬಂದು ಗರಸಿನ ಮೇಲೆ ಬರಿಗಾಲಲ್ಲಿ ಅತ್ತಿತ್ತ ನಡೆದು ನೋಡಿ ಹೋದಳು. ಮೊನ್ನೆ ಸೋಮವಾರ ಸಂಜೆ ಅವನು ಮತ್ತೆ ಚೆಂಡಿನ ಹಿಂದೆ ಓಡಿ ಬಂದನು. ಗರಸು ಮೆಟ್ಟಿದೊಡನೆ ನಿಂತುಬಿಟ್ಟನು. ಚೆಂಡು ಗೋಡೆ ದಾಟಿ ನಮ್ಮ ದನದ ಕೊಟ್ಟಿಗೆಯಲ್ಲಿ ಬಿತ್ತು. "ಅಪ್ಪಾರೇ, ಚೆಂಡು ಕೊಡರೀ" ಎಂದು ಆಚೆಯಿಂದ ಕೂಗಿದನು. ನಾವೇ ಎದ್ದು ಹುಡುಕಿ ಎಸೆದೆವು.