ಒಂದು ‘ಟೇಕ್’, ಹತ್ತು ಕನ್ನಡ



ಐದು ನಿಮಿಷ ಮಾತನಾಡಲು ಹೇಳಿದ್ದಾರೆ. ಕನ್ನಡದ ಹಿರಿಮೆಯನ್ನು ಅಷ್ಟರಲ್ಲಿ ಹೇಳಿ ಮುಗಿಸಲಾಗದು. ಹಾಗಾಗಿ ಒಂದೇ ಒಂದು ಪದ ಸಾಕು ಎಂದುಕೊಂಡಿದ್ದೇನೆ. ಅದು ಕನ್ನಡದ್ದೂ ಅಲ್ಲ, ಇಂಗ್ಲಿಷಿನ ‘ಟೇಕ್’. ನಮ್ಮ ಮಕ್ಕಳ ಕನ್ನಡ ಎಡವುವ ಜಾಗದಲ್ಲಿ ಅನೇಕ ಸಲ ಈ ಪದವೇ ಅಡಗಿ ಕೂತಿರುತ್ತದೆ.

‘ಅಜ್ಜಿಯನ್ನು ಏರ್‌ಪೋರ್ಟ್‌ಗೆ ತಗೊಂಡು ಹೋಗೋಣ’ ಎನ್ನುತ್ತದೆ ಮಗು. ‘ನಾನೇನು ಸೂಟ್‌ಕೇಸಾ ಪುಟ್ಟಾ?’ ಎನ್ನುತ್ತಾರೆ ಅಜ್ಜಿ. ಎಲ್ಲರೂ ನಗುತ್ತಾರೆ. ಯಾಕೆ ನಕ್ಕರೆಂದು ಮಗುವಿಗೆ ತಿಳಿಯುವುದಿಲ್ಲ, ಏಕೆಂದರೆ ಇಂಗ್ಲಿಷಿನಲ್ಲಿ ಅಜ್ಜಿಗೂ ಸೂಟ್‌ಕೇಸಿಗೂ ಅದೇ ‘ಟೇಕ್’. ಕನ್ನಡ ಇಲ್ಲಿ ಪಂಕ್ತಿಭೇದ ಮಾಡುತ್ತದೆ. ಪೆಟ್ಟಿಗೆಯನ್ನು ತೆಗೆದುಕೊಂಡು ಹೋಗುತ್ತೇವೆ, ಅಜ್ಜಿಯನ್ನು ಕರೆದುಕೊಂಡು ಹೋಗುತ್ತೇವೆ, ಕೈಗೂಸನ್ನು ಎತ್ತಿಕೊಂಡು ಹೋಗುತ್ತೇವೆ. ಊರಿನಲ್ಲಿ ದನಗಳನ್ನು ಹೊಡೆದುಕೊಂಡು ಹೋಗುತ್ತಾರೆ. ‘ಕರೆದುಕೊಂಡು’ ಎಂಬುದರೊಳಗೆ ‘ಕರೆಯುವುದು’ ಇದೆ: ಕರೆದರೆ ಬರುವವರು, ಬೇಕಾದರೆ ಬರುವುದಿಲ್ಲ ಎನ್ನಬಲ್ಲವರು. ಇಷ್ಟನ್ನು ಬಿಡಿಸಿ ಹೇಳಿದರೆ ಏಳು ವರ್ಷದ ಮಗುವಿಗೂ ಅರ್ಥವಾಗುತ್ತದೆ. ಬರೀ ನಕ್ಕರೆ ಒಂದೇ ಪಾಠ ಉಳಿಯುತ್ತದೆ: ಮುಂದಿನ ಸಲ ಇಂಗ್ಲಿಷಿನಲ್ಲೇ ಹೇಳುವುದು ಕ್ಷೇಮ. ಮನೆಯಲ್ಲಿ ಕನ್ನಡ ನಿಲ್ಲುವುದು ಹೀಗೆ, ದೊಡ್ಡ ಜಗಳವಿಲ್ಲದೆ.

ಇನ್ನೂ ನೋಡಿ. ಫೋಟೋ ತೆಗೆಯುತ್ತೇವೆ. ಮಾರ್ಟಾ ರೈಲು ಹಿಡಿಯುತ್ತೇವೆ. ಪಾಠ ಕೇಳುತ್ತಾ ಬರೆದುಕೊಳ್ಳುತ್ತೇವೆ. ಚಪ್ಪಲಿ ಹೊರಗೆ ಬಿಡುತ್ತೇವೆ. ಷಾರ್ಲಟ್‌ನಿಂದ ಅಟ್ಲಾಂಟಾಕ್ಕೆ ಬರಲು ನಾಲ್ಕು ಗಂಟೆ ಹಿಡಿಯುತ್ತದೆ. ಇಷ್ಟಕ್ಕೂ ಇಂಗ್ಲಿಷಿಗೆ ‘ಟೇಕ್’ ಒಂದಿದ್ದರೆ ಸಾಕು. ಪರೀಕ್ಷೆಯನ್ನು ನಾವು ಬರೆಯುತ್ತೇವೆ; ಬೆಂಗಳೂರಿನಲ್ಲಿ ಈಗ ‘ಪರೀಕ್ಷೆ ಕೊಟ್ಟೆ’ ಎನ್ನುವವರೂ ಇದ್ದಾರೆ, ಅದು ಹಿಂದಿಯ ದಾರಿ. ಇಲ್ಲಿಯ ಮಕ್ಕಳನ್ನು ದೂರುವಾಗ ಅದೂ ನೆನಪಿರಲಿ.

ಉಲ್ಟಾ ಪ್ರಸಂಗವೂ ಉಂಟು. ನಮ್ಮಲ್ಲಿ ‘ಸೀರೆ ತಗೊಂಡೆ’ ಎಂದರೆ ದುಡ್ಡು ಕೊಟ್ಟು ಕೊಂಡೆ ಎಂದರ್ಥ. ಊರಿನಿಂದ ಬಂದ ಹಿರಿಯರು ಅದನ್ನೇ ಇಂಗ್ಲಿಷಿಗೆ ತಿರುಗಿಸಿ, ಈ ಅಂಗಡಿಯಿಂದ ಶೂ ‘ಟೇಕ್’ ಮಾಡಿದೆ ಎಂದರೆ ಕೇಳಿದವರು ಗಾಬರಿಯಾದಾರು!

ಈ ‘ಕೊಳ್ಳು’ ನಮ್ಮ ಭಾಷೆಯ ದೊಡ್ಡ ಸೊತ್ತು. ಹಳಗನ್ನಡದ ‘ಕೊಳ್’ ಎಂದರೆ ಪಡೆ, ಹಿಡಿ, ಸ್ವೀಕರಿಸು. ಅದೇ ಇವತ್ತು ಬೇರೆ ಕ್ರಿಯಾಪದಗಳ ಬೆನ್ನಿಗೆ ನಿಂತು ಅರ್ಥವನ್ನು ತಿರುಗಿಸುತ್ತದೆ. ‘ನೋಡು’ ಎಂದರೆ ಕಣ್ಣಿನ ಕೆಲಸ. ‘ನೋಡಿಕೋ’ ಎಂದರೆ ಜವಾಬ್ದಾರಿ. ‘ತಂಗಿಯನ್ನು ನೋಡು’, ‘ತಂಗಿಯನ್ನು ನೋಡಿಕೋ’: ಎರಡನ್ನೂ ಒಂದೇ ದಿನ ಹೇಳಿ ನೋಡಿ, ವ್ಯಾಕರಣದ ಪುಸ್ತಕವೇ ಬೇಡ. ಅಳುತ್ತಿರುವ ಮಗುವಿಗೆ ‘ಹೇಳು’ ಎನ್ನುತ್ತೇವೆ. ಮನಸ್ಸಿನ ನೋವನ್ನಾದರೆ ‘ಹೇಳಿಕೊಳ್ಳುತ್ತೇವೆ’.

‘ಶವರ್ ತಗೋ’, ‘ಬ್ರೇಕ್ ತಗೋ’, ‘ಟೇಕ್ ಕೇರ್ ಮಾಡು’ ಎಂದು ಮಕ್ಕಳು ಹೇಳುವುದು ಶಾಲೆಯಲ್ಲಿ ಕಲಿತದ್ದಲ್ಲ, ಮನೆಯಲ್ಲಿ ಕೇಳಿದ್ದು. ಇದರಲ್ಲಿ ‘ಶವರ್’ ಎಂಬ ಪದ ನನಗೆ ಚಿಂತೆಯ ವಿಷಯವಲ್ಲ. ಬಸ್ಸು, ಕಾರು, ಪೆನ್ನುಗಳನ್ನು ಅರಗಿಸಿಕೊಂಡ ಭಾಷೆಗೆ ಅದೇನು ಭಾರ? ಎರವಲಿಗೆ ಇಂಗ್ಲಿಷೂ ಹೊರತಲ್ಲ. ಈ ‘ಟೇಕ್’ ಇಂಗ್ಲಿಷಿನ ಸ್ವಂತದ್ದೇ ಅಲ್ಲ. ಇಂಗ್ಲೆಂಡಿನಲ್ಲಿ ಬಂದು ನೆಲೆಸಿದ ವೈಕಿಂಗರ ನಾರ್ಸ್ ಭಾಷೆಯ ‘ಟಾಕ’ದಿಂದ ಬಂದದ್ದು. ಹಳೆಯ ಇಂಗ್ಲಿಷಿನ ‘ನಿಮನ್’ ಎಂಬ ಕ್ರಿಯಾಪದವನ್ನು ಮೂಲೆಗೆ ತಳ್ಳಿ ತಾನೇ ಯಜಮಾನನಾಯಿತು. ನಾಮಪದ ಬಂದರೆ ನೆಂಟ ಬಂದ ಹಾಗೆ. ಕ್ರಿಯಾಪದದ ಜಾಗಕ್ಕೆ ಬಂದದ್ದು ಅಡುಗೆಮನೆ ಹಿಡಿಯುತ್ತದೆ. ‘ಸ್ನಾನ ಮಾಡು’ ಹೋಗಿ ‘ಶವರ್ ತಗೋ’ ಬಂದಾಗ ನಾನು ಗಮನಿಸುವುದು ಆ ‘ತಗೋ’ವನ್ನು.

ಶಿಕ್ಷಕರಲ್ಲಿ ಒಂದು ಬಿನ್ನಹ. ಬರುವ ವರ್ಷ ಬಿಡಿ ಪದಗಳ ಪಟ್ಟಿಗಿಂತ ಜೋಡಿಗಳನ್ನು ಕಲಿಸೋಣ: ಸ್ನಾನದ ಜೊತೆ ಮಾಡು, ಫೋಟೋ ಜೊತೆ ತೆಗೆ, ಪರೀಕ್ಷೆ ಜೊತೆ ಬರೆ. ಪ್ರತಿ ಮಗುವಿನ ನೋಟ್‌ಪುಸ್ತಕದಲ್ಲಿ ‘ಟೇಕ್’ಗೆ ಒಂದು ಪುಟ ಇರಲಿ, ಮನೆಯಲ್ಲಿ ಕೇಳಿದ್ದನ್ನು ವಾರವಾರವೂ ಅಲ್ಲಿ ಸೇರಿಸಲಿ. ಅಜ್ಜ ಅಜ್ಜಿ ಫೋನಿನಲ್ಲಿ ಸಿಕ್ಕರೆ ಅವರನ್ನೂ ಕೇಳಲಿ. ಧಾರವಾಡದ ಅಜ್ಜಿಯೂ ಮಂಗಳೂರಿನ ಅಜ್ಜನೂ ಬೇರೆ ಬೇರೆ ಹೇಳಿಯಾರು, ಎರಡನ್ನೂ ಬರೆದುಕೊಳ್ಳಲಿ. ಪೋಷಕರು ಮಾಡಬೇಕಾದದ್ದು ಇನ್ನೂ ಸುಲಭ. ಮಗು ‘ಅಜ್ಜಿಯನ್ನು ತಗೊಂಡು ಹೋಗೋಣ’ ಎಂದರೆ, ‘ಹೌದು ಕಂದಾ, ಕರಕೊಂಡು ಹೋಗೋಣ’ ಎಂದು ಹೇಳಿ ಕಾರಿನ ಕೀಲಿಗೆ ಕೈ ಹಾಕಿ.

ಈಗ ಮಕ್ಕಳು ವೇದಿಕೆಗೆ ಬರಲಿ. ಫೋಟೋ ತೆಗೆಯುವವರು ಮುಂದೆ ಬರಬಹುದು.