‘ಯಾವ ಫಾರೆಕ್ಸ್ ಬ್ರೋಕರ್ ಒಳ್ಳೇದಣ್ಣ?’ ಅಂತ ಕೇಳೋರಿಗೆ

ನಾನು ಮಾತಾಡ್ತಿರೋದು ಮದ್ದೂರು ತಾಲ್ಲೂಕಿನ ಭಾರತೀನಗರದಿಂದ. ಹಳಬರ ಬಾಯಲ್ಲಿ ಈಗಲೂ ಇದು ಕೆ.ಎಂ. ದೊಡ್ಡಿ. ಸಕ್ಕರೆ ಕಾರ್ಖಾನೆ ಇರೋ ಊರು. ಕಬ್ಬಿನ ಬಿಲ್ಲು ಬಂತು ಅಂದ್ರೆ ಮನೆಮನೆಯಲ್ಲೂ ಲೆಕ್ಕಾಚಾರ.

ಮೊನ್ನೆ ನಮ್ಮ ಬೀದಿ ಹುಡುಗ ಒಬ್ಬ ಬಂದ. ಮೊಬೈಲಲ್ಲಿ ಮೂರು ಆ್ಯಪ್ ತೋರಿಸಿದ. ‘ಅಣ್ಣ, ಅಪ್ಪನ ಕಬ್ಬಿನ ದುಡ್ಡು 1 ಲಕ್ಷದ 80 ಸಾವಿರ ಬಂದದೆ. ಈ ಮೂರರಲ್ಲಿ ಯಾವ ಬ್ರೋಕರ್ ಒಳ್ಳೇದು?’

‘ಅಪ್ಪಂಗೆ ಹೇಳಿದ್ದೀಯಾ?’

‘ಇಲ್ಲ ಕಣಣ್ಣ, ಲಾಭ ಬಂದ್ಮೇಲೆ ಹೇಳೋಣ ಅಂತ.’

ಕಮಿಷನ್ ಯಾರದ್ದು ಕಮ್ಮಿ, ಬೋನಸ್ ಯಾರದ್ದು ಜಾಸ್ತಿ ಅಂತ ಹೋಲಿಸೋದು ಆಮೇಲಿನ ಮಾತು. ಮೊದಲು ಕೇಳಬೇಕಾದ್ದು, ಇವನಿಗೆ ಇಲ್ಲಿ ವ್ಯವಹಾರ ಮಾಡೋಕೆ ಅನುಮತಿ ಇದೆಯಾ?

ನಮ್ಮಲ್ಲಿ ಫೆಮಾ ಕಾಯ್ದೆ ಇದೆ, 1999ರದ್ದು. ಅದರ ಪ್ರಕಾರ ಆನ್‌ಲೈನ್ ಫಾರೆಕ್ಸ್ ವ್ಯವಹಾರವನ್ನ ರಿಸರ್ವ್ ಬ್ಯಾಂಕ್ ಅನುಮತಿ ಕೊಟ್ಟಿರೋ ವೇದಿಕೆಯಲ್ಲಿ, ಇಲ್ಲವೇ ಎನ್‌ಎಸ್‌ಇ, ಬಿಎಸ್‌ಇಯಂಥ ಷೇರು ವಿನಿಮಯ ಕೇಂದ್ರದಲ್ಲೇ ಮಾಡಬೇಕು. ವಿದೇಶಿ ಆ್ಯಪ್‌ಗೆ ಮಾರ್ಜಿನ್ ಹಣ ಕಳಿಸೋದಕ್ಕೆ ಅವಕಾಶ ಇಲ್ಲ. ಕಳಿಸಿದವನ ಮೇಲೂ ಕ್ರಮ ಆಗಬಹುದು. 2022ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಅನುಮತಿ ಇಲ್ಲದವರ ಎಚ್ಚರಿಕೆ ಪಟ್ಟಿ ಹೊರಡಿಸಿತು. ಮೊದಲ ಪಟ್ಟಿಯಲ್ಲಿ 34 ಹೆಸರು, ಆಮೇಲೆ ಬೆಳೀತಾ ಬಂತು. ಪಟ್ಟಿಯಲ್ಲಿ ಹೆಸರಿಲ್ಲ ಅಂದ್ರೆ ಅನುಮತಿ ಇದೆ ಅಂತ ತಿಳೀಬೇಡಿ.

ಇನ್ನು ಸಿಎಫ್‌ಡಿ. ಅಲ್ಲಿ ನೀವು ಚಿನ್ನ, ಡಾಲರ್ ಏನನ್ನೂ ಕೊಳ್ಳಲ್ಲ. ಬೆಲೆಯ ಏರಿಳಿತದ ಮೇಲೆ ಒಪ್ಪಂದ, ಅಷ್ಟೆ. ಎಷ್ಟೋ ಕಡೆ ಎದುರಿಗೆ ನಿಲ್ಲೋನು ಬ್ರೋಕರೇ. ನಿಮ್ಮ ನಷ್ಟ ಅವನ ಲಾಭ. ಕಬ್ಬು ಕೊಳ್ಳೋನೇ ತಕ್ಕಡಿನೂ ಹಿಡ್ಕೊಂಡ್ರೆ ನಾವು ಸುಮ್ನಿರ್ತೀವಾ?

500 ಪಟ್ಟು ಲಿವರೇಜ್ ಅಂದ್ರೆ, 10 ಸಾವಿರ ಇಟ್ಟು 50 ಲಕ್ಷದ ವ್ಯವಹಾರ. ಬೆಲೆ ನೂರಕ್ಕೆ 20 ಪೈಸೆ ಉಲ್ಟಾ ಹೋದ್ರೆ ಆ 10 ಸಾವಿರ ಪೂರ್ತಿ ಹೋಯ್ತು. ಯುರೋಪಿನ ನಿಯಂತ್ರಕರು 2018ರಲ್ಲಿ ಇದನ್ನ ಹೆಚ್ಚೆಂದರೆ 30 ಪಟ್ಟಿಗೆ ಕಟ್ಟಿಹಾಕಿದ್ರು. ಅಲ್ಲಿ ಸಾಮಾನ್ಯ ಹೂಡಿಕೆದಾರರ ಸಿಎಫ್‌ಡಿ ಖಾತೆಗಳಲ್ಲಿ ನೂರಕ್ಕೆ 74ರಿಂದ 89 ನಷ್ಟದಲ್ಲಿದ್ವು.

ಇಷ್ಟು ಹೇಳೋ ಹೊತ್ತಿಗೆ ಹುಡುಗ ಮೆಲ್ಲಗೆ ಬಾಯಿಬಿಟ್ಟ: ‘5 ಸಾವಿರ ಆಗ್ಲೇ ಹಾಕಿದ್ದೀನಣ್ಣ. 8 ಸಾವಿರ ಆಗದೆ ಅಂತ ತೋರಿಸ್ತದೆ.’

‘ಸರಿ, ವಾಪಸ್ ತೆಗಿ ನೋಡೋಣ.’

ತೆಗೆಯೋಕೆ ಹೋದ. ಮೊದಲು 3 ಸಾವಿರ ತೆರಿಗೆ ಕಟ್ಟು ಅಂತ ಮೆಸೇಜ್ ಬಂತು. ಅವನು ದುಡ್ಡು ಹಾಕಿದ್ದು ಕಂಪನಿ ಖಾತೆಗೂ ಅಲ್ಲ, ಯಾರೋ ಒಬ್ಬನ ಯುಪಿಐಗೆ. ಹುಡುಗನ ಮುಖ ಇಳಿದುಹೋಯ್ತು.

ಕೂತಲ್ಲೇ 1930ಕ್ಕೆ ಫೋನ್ ಮಾಡಿಸಿ ದೂರು ಕೊಡಿಸಿದೆ. ಆ 5 ಸಾವಿರ ಇನ್ನೂ ಬಂದಿಲ್ಲ. ಅಪ್ಪಂಗೆ ಅವತ್ತೇ ರಾತ್ರಿ ಹೇಳಿದ. ಬೈಗುಳ ಬಿತ್ತು, ಆದ್ರೆ ಉಳಿದ ದುಡ್ಡು ಉಳೀತು.

ನಿಮ್ಮನೇಲೂ ಇಂಥ ಹುಡುಗರಿದ್ರೆ ಬೈಯೋ ಮುಂಚೆ ಒಂದು ಮಾತು ಕೇಳಿ: ‘ಹಾಕಿರೋದನ್ನ ತೆಗೆದು ತೋರಿಸ್ತೀಯೇನಪ್ಪ?’ ಮೋಸ ಆಗಿದ್ರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.